ತೊಗಲಿನ ರೇಟು

ಬೆಲ್ಲದ ಬಾಗೇವಾಡಿಯ ಶ್ರೀಪಾಲನದು ಬೆಲ್ಲದ ದಲಾಲಿ ಅಂಗಡಿ. ಮೂವತ್ತೈದು ವರ್ಷದ ವ್ಯಾಪಾರದಲ್ಲಿ ಎದುರಿನವನು ಹೇಳಿದ ದರಕ್ಕೆ ಒಂದು ಬದನೆಕಾಯಿಯನ್ನೂ ಕೊಂಡವನಲ್ಲ ಆಸಾಮಿ. ಚೌಕಾಶಿಗೆ ಕೂತನೆಂದರೆ ಎದುರಿನವನಿಗೆ ಚಳಿಗಾಲದಲ್ಲೂ ಬೆವರು. ಅಂಥವನು ಎರಡು ಸಾವಿರದ ಐದನೆಯ ಇಸವಿಯ ಬೇಸಿಗೆಯಲ್ಲಿ, ಗೋಕಾಕದಲ್ಲಿ ಗಾಡಿ ಮಾರಾಟಕ್ಕೆ ಹಾಕಿದ ಪೆಂಡಾಲಿನ ಹೊರಗೆ, ಬಿಸಿಲಲ್ಲಿ ನಿಲ್ಲಿಸಿದ್ದ ಹೊಸ ಗಾಡಿಯೊಂದರ ಮುಂದೆ ನಿಂತು ತೆರೆದ ಬಾಯಿ ಮುಚ್ಚುವುದನ್ನೇ ಮರೆತುಬಿಟ್ಟ.

ಏನು ಗಾಡಿ ಅಂತೀರಿ! ಜೀಪಿನ ಗತ್ತು, ಕಾರಿನ ನಯ. ದೊಡ್ಡ ಜೀಪುಗಳಿಗಿಂತ ಗಿಡ್ಡ, ಹಾಗಾಗಿ ಊರ ಓಣಿಯಲ್ಲೂ ಸಲೀಸಾಗಿ ತಿರುಗೀತು. ಒಳಗೆ ಮಾತ್ರ ಅರಮನೆ. ಬಾಗಿಲು ಹಾಕಿದರೆ ಧಡ್ ಎನ್ನುವುದಿಲ್ಲ, ಮೆತ್ತಗೆ ದುಪ್ ಎನ್ನುತ್ತದೆ. ಗಾಜು ತಾನೇ ಇಳಿಯುತ್ತದೆ, ತಾನೇ ಏರುತ್ತದೆ. ಶ್ರೀಪಾಲ ಹೆದರುತ್ತಲೇ ಒಂದು ಗುಂಡಿ ಒತ್ತಿದ; ತಲೆ ಮೇಲಿನ ಚಾವಣಿಯ ಒಂದು ತುಂಡು ಹಿಂದಕ್ಕೆ ಸರಿದು ಆಕಾಶ ಕಾಣಿಸಿತು. “ಅಬಬಬಾ!” ಎಂದ. ಮೊಮ್ಮಕ್ಕಳನ್ನು ಕಂಡ ಗಂಡಸು, ಅದೇ ಗುಂಡಿಯನ್ನು ನಾಲ್ಕು ಸಲ ಒತ್ತಿದ.

ಅಲ್ಲಿಗೆ ಅವನ ಮನಸ್ಸು ಹೋಯಿತು. ಈ ಗಾಡಿ ಮನೆಯ ಮುಂದೆ ನಿಲ್ಲದಿದ್ದರೆ ತನಗೆ ನಿದ್ದೆ ಬರುವುದಿಲ್ಲ ಎಂದು ಆ ಗಳಿಗೆಯಲ್ಲೇ ಗೊತ್ತಾಯಿತು. ಆದರೆ ಅದನ್ನು ತೋರಿಸಿಕೊಂಡರೆ ವ್ಯಾಪಾರ ಕೆಟ್ಟಿತು. ಮುಖ ಗಂಟು ಹಾಕಿಕೊಂಡು, ಮಾರಾಟಕ್ಕಿಟ್ಟ ಮುದಿ ಎಮ್ಮೆಯನ್ನು ನೋಡುವವನಂತೆ ಗಾಡಿಯನ್ನು ಸುತ್ತಿದ.

ಪಕ್ಕದಲ್ಲಿ ಹೆಂಡತಿ ರಾಜಮತಿ. ಖರೆ ಹೇಳಬೇಕೆಂದರೆ ಗಾಡಿ ಬೇಕಾಗಿದ್ದದ್ದು ಆಕೆಗೆ. ಎರಡೂ ಮೊಣಕಾಲು ಸವೆದು ಹತ್ತಿಳಿಯುವುದು ಕಷ್ಟವಾಗಿತ್ತು. “ನಾ ಕೂತ ನೋಡಿ ಹೂಂ ಅಂದ್ರ ತೊಗೋರಿ. ನಾ ಕೂಡದ ಗಾಡಿ ನಮ್ಮ ಮನಿಗೆ ಬ್ಯಾಡ” ಎಂದು ಹೇಳಿಯೇ ಜೊತೆಗೆ ಹೊರಟಿದ್ದಳು. ಶ್ರೀಪಾಲನಿಗೆ ಅಂಜಿಕೆ ಇದ್ದದ್ದು ಆಕೆ ಜೊತೆಗೆ ಬಂದದ್ದಕ್ಕೇ.

ಯಾಕೆ ಅಂತೀರಾ? ಏಳು ವರ್ಷದ ಹಿಂದೆ ಮುನಿಗಳು ಚಾತುರ್ಮಾಸಕ್ಕೆ ಊರಲ್ಲಿ ತಂಗಿದ್ದಾಗ ಈ ಮಹಾತಾಯಿ ಸಭೆಯಲ್ಲಿ ಎದ್ದು ನಿಂತು ಸುಳ್ಳಾಡುವುದಿಲ್ಲ ಎಂಬ ನೇಮ ಹಿಡಿದಿದ್ದಳು. ಅಂದು ಹಿಡಿದವರು ಹತ್ತು ಮಂದಿ, ಉಳಿಸಿಕೊಂಡವಳು ಇವಳೊಬ್ಬಳೇ. ವಂತಿಗೆ ಕೇಳುವವರು ಬಂದರೆಂದು ಶ್ರೀಪಾಲ ಅಟ್ಟ ಹತ್ತಿದರೆ, “ಅಟ್ಟದ ಮ್ಯಾಲ ಅದಾರ್ರಿ. ಮನ್ಯಾಗಿಲ್ಲ ಅಂತ ಹೇಳಂದಾರ” ಎಂದು ಅಷ್ಟನ್ನೂ ಒಪ್ಪಿಸುವಳು. ಇಂಥವಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಚೌಕಾಶಿ ಮಾಡುವುದೆಂದರೆ ಹುಡುಗಾಟವೇ?

ಗಾಡಿ ಮಾರುವವನು ಮೂಡಲಗಿಯ ದುಂಡೇಶ, ದೊಡ್ಡ ಊರಿನ ಶೋರೂಮಿನಲ್ಲಿ ಪಗಾರಕ್ಕಿದ್ದ. ಕೊರಳಲ್ಲಿ ಟೈ, ನಾಲಿಗೆಯಲ್ಲಿ ಬೆಣ್ಣೆ. ಪೆಂಡಾಲಿನೊಳಗೆ ಇಬ್ಬರಿಗೂ ಕುರ್ಚಿ ಹಾಕಿಸಿ, ತಣ್ಣನೆಯ ನೀರು ಕೊಟ್ಟು, “ಎಲ್ಲಾ ಕೂಡಿ ಒಂಬತ್ತು ಲಕ್ಷ ತೊಂಬತ್ತು ಸಾವಿರ್ರಿ ಕಾಕಾ” ಎಂದ.

ಶ್ರೀಪಾಲ ನಕ್ಕ. “ಲೇ ತಮ್ಮಾ, ಕೊಲ್ಲಾಪುರದಾಗ ಒಬ್ಬಾವ ಇದ ಗಾಡಿ ಎಂಟೂವರಿಗೆ ಕೊಡ್ತೇನಿ ಅಂತ ಬೆನ್ನ ಹತ್ಯಾನ. ನಾವ ಒಲ್ಲೆ ಅಂತ ಎದ್ದ ಬಂದೇವಿ.”

ದುಂಡೇಶ ಮರ್ಯಾದೆಗೆಂದು ರಾಜಮತಿಯ ಕಡೆ ತಿರುಗಿದ. “ಹೌದೇನ್ರಿ ಕಾಕು? ಯಾವಾಗ ಹೋಗಿದ್ರಿ ಕೊಲ್ಲಾಪುರಕ್ಕ?”

“ಹೋಗಿ ಮೂರ ವರ್ಷ ಆತಪ್ಪಾ” ಎಂದಳು ರಾಜಮತಿ.

ಶ್ರೀಪಾಲನ ಮುಖ ಹುಳ್ಳಗಾಯಿತು. ದುಂಡೇಶನೇನು ಕಡಿಮೆ ಚಾಲಾಕಿಯೇ? ಬೀಗದ ಕೈ ಯಾರ ಹತ್ತಿರ ಇದೆಯೆಂದು ಆ ಕ್ಷಣವೇ ತಿಳಿದುಕೊಂಡ. ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡು, “ಕಾಕು, ಕಾಕಾ ಎಷ್ಟರ ತನಕ ಕೊಡಬೇಕಂತ ಮಾಡ್ಯಾರ್ರಿ?” ಎಂದು ಕೇಳಿದ.

“ಒಂಬತ್ತರಾಗ ಮುಗಸಬೇಕಂತಾರ. ಭಾಳ ಅಂದ್ರ ಒಂಬತ್ತೂವರಿ.”

ಸತ್ತೆ ಎಂದುಕೊಂಡ ಶ್ರೀಪಾಲ. ನೆಲ ಬಾಯಿಬಿಟ್ಟಿದ್ದರೆ ಟೋಪಿ ಸಮೇತ ಒಳಗೆ ಇಳಿದುಬಿಡುತ್ತಿದ್ದ. ಮೂವತ್ತೈದು ವರ್ಷ ಗಳಿಸಿದ ಹೆಸರು ಎರಡೇ ಮಾತಿನಲ್ಲಿ ನೀರುಪಾಲು!

“ಹಂಗಾರ ಒಂಬತ್ತೂವರಿಗೆ ಮುಗಸೂಣ್ರಿ, ನನಗೂ ಹೊಟ್ಟಿ ಐತಿ” ಎಂದು ದುಂಡೇಶ ಖುಷಿಯಿಂದ ಎದ್ದ. “ಕಾಕು, ಒಮ್ಮೆ ಹತ್ತಿ ಕೂತ ನೋಡ್ರಿ.”

ರಾಜಮತಿ ಬಿಸಿಲಲ್ಲಿ ನಡೆದು ಬಾಗಿಲ ಹಿಡಿಕೆ ಹಿಡಿದು, ಅಯ್ಯಮ್ಮಾ ಎನ್ನುತ್ತ ಹತ್ತಿ ಕೂತಳು. ಬೆನ್ನು ಒರಗಿಸಿದಳು. ಕಾಲು ನೀಡಿದಳು, ನೀಡಿದ ಕಾಲಿಗೆ ಏನೂ ತಾಗಲಿಲ್ಲ. ಆಕೆಯ ಮುಖದಲ್ಲೂ ಬೆರಗು ಹರಡಿದ್ದನ್ನು ಶ್ರೀಪಾಲ ಕಂಡ. ಹೂಂ ಅನ್ನುತ್ತಾಳೆ, ಇನ್ನೇನು ಅಂದೇಬಿಡುತ್ತಾಳೆ ಎಂದು ಕಾಯುತ್ತ ನಿಂತ.

ಅಷ್ಟರಲ್ಲಿ ದುಂಡೇಶ ಬೇಡದ ಮಾತೊಂದನ್ನು ಆಡಿಬಿಟ್ಟ. “ಹೆಂಗೈತ್ರಿ ಸೀಟು? ಖರೇ ತೊಗಲು ಕಾಕು! ಹೊರದೇಶದ್ದು. ಬರೇ ಸೀಟಿಗೇ ಎಂಬತ್ತೈದು ಸಾವಿರ ಹಿಡದೇವಿ.”

ಎಂಥ ಹೆಡ್ಡನಪ್ಪಾ ಇವನು! ನೆಲದ ಇರುವೆ ನೋಡಿ ಹೆಜ್ಜೆ ಇಡುವ ಜೈನರ ಹೆಣ್ಣುಮಗಳ ಮುಂದೆ ತೊಗಲಿನ ಹೊಗಳಿಕೆ! ಹತ್ತುವಾಗ ಐದು ನಿಮಿಷ ಹಿಡಿದವಳು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಇಳಿದು ನೆಲದ ಮೇಲಿದ್ದಳು.

“ತೊಗಲಂದ್ಯಾ?”

“ಹೌದ್ರಿ. ಕಂಪನಿ ಗ್ಯಾರಂಟಿ.”

“ತೊಗಲಾದ್ರ ನಾ ಕೂಡಾಂಗಿಲ್ಲಪ್ಪಾ. ಜೀವ ತಗದು ಸುಲದದ್ದರ ಮ್ಯಾಲ ಕೂತು ಯಾವ ಬಸದಿಗೆ ಹೋಗ್ಲಿ ನಾ?”

ಶ್ರೀಪಾಲ ಗಾಡಿಯನ್ನು ಕೊನೆಯ ಸಲ ಎಂಬಂತೆ ನೋಡಿದ. ಗಾಡಿ ಹೋಯಿತು. ದರ ಹೆಚ್ಚೆಂದು ಹೋಗಿದ್ದರೆ ಹೋಗಲಿ ಅನ್ನಬಹುದಿತ್ತು, ಇದಕ್ಕೆ ಯಾವ ಚೌಕಾಶಿ ನಡೆದೀತು? ತನಗೇ ಮೊದಲು ಹೊಳೆಯಬೇಕಿತ್ತು, ಆಕಾಶ ಕಾಣುವ ಗುಂಡಿ ಒತ್ತುತ್ತ ಮೈಮರೆತನಲ್ಲ ಎಂದು ತನ್ನನ್ನೇ ಶಪಿಸಿಕೊಂಡ.

ದುಂಡೇಶ ಗಡಬಡಿಸಿದ. “ಮ್ಯಾಲ ಚೆಂದನ ಬಟ್ಟಿ ಕವರ್ ಹಾಕಸಿ ಕೊಡ್ತೇನ್ರಿ, ಪುಕ್ಕಟ!”

“ಕೆಳಗ ತೊಗಲ ಇರತೈತಲ್ಲಪ್ಪಾ.” ರಾಜಮತಿ ಅವನ ಮುಖವನ್ನೇ ನೋಡಿದಳು. ದನಿಯಲ್ಲಿ ಸಿಟ್ಟಿಲ್ಲ, ಸೆಡವಿಲ್ಲ. ಮನೆಯ ಮಗನನ್ನು ಉಂಡಿಯೇನೋ ಎಂದು ಕೇಳುವ ದನಿ. “ಮುಂಜಾನಿಂದ ನೀ ಏನ ಕೇಳಿದ್ರೂ ನಾ ಖರೇ ಹೇಳೇನಿ. ಒಂದಕ್ಕೂ ಸುಳ್ಳ ಹೇಳಿಲ್ಲ. ಈಗ ನಾ ಕೇಳ್ತೇನಿ, ವಿಚಾರ ಮಾಡಿ ಹೇಳು. ಖರೇನ ತೊಗಲೇನು?”

ದುಂಡೇಶ ಟೈ ಸಡಿಲಿಸಿಕೊಂಡ. ತೊಗಲು ಅಂದರೆ ಗಿರಾಕಿ ಹೋಗುತ್ತದೆ, ಅಲ್ಲ ಅಂದರೆ ಎಂಬತ್ತೈದು ಸಾವಿರ ಹೋಗುತ್ತದೆ. ಶ್ರೀಪಾಲನಿಗೆ ಅದು ಥಟ್ಟನೆ ಅರ್ಥವಾಯಿತು. ಎಂಥೆಂಥ ದಲಾಲರನ್ನು ಕಂಡಿದ್ದ ಅವನು! ಹೀಗೆ ಎರಡೂ ಕಡೆಯಿಂದ ದಾರಿ ಕಟ್ಟಿ, ಮೇಲೆ ಇಷ್ಟು ಅಕ್ಕರೆಯಿಂದ ಕೇಳುವವರನ್ನು ಕಂಡಿರಲಿಲ್ಲ.

“ಅಲ್ರಿ ಕಾಕು” ಎಂದ ದುಂಡೇಶ ಕೊನೆಗೆ. ಕಿವಿಯವರೆಗೆ ಕೆಂಪಾಗಿದ್ದ. “ರೆಗ್ಜಿನ್ರಿ, ತೊಗಲಿನಂಗ ಕಾಣತೈತಿ ಅಷ್ಟ. ನಮ್ಮ ಗಲ್ಲ್ಯಾಗ ಒಬ್ಬಾವನ ಕಡೆ ಹನ್ನೆರಡು ಸಾವಿರಕ್ಕ ಹೊಲಿಸೇವಿ. ತೊಗಲಂತ ಹೇಳ್ರಿ ಅಂತ ಮಾಲಕರ ಹುಕುಂ ಆಗೇತಿ. ಇಷ್ಟ ಮಂದಿಗೆ ಹೇಳೇನಿ, ನಿಮಗ ಹೇಳಾಕ ಬಾಯಿ ಬರವಲ್ದು.”

ಶ್ರೀಪಾಲ ಜಿಗಿದೆದ್ದ. ಹೋದ ಜೀವ ಬಂದಿತ್ತು. “ಸಿಕ್ಕಬಿದ್ದಿ ಮಗನ! ಒಂಬತ್ತಕ್ಕ ಒಂದ ರೂಪಾಯಿ ಜಾಸ್ತಿ ಇಲ್ಲ. ಇಲ್ಲಂದ್ರ ಈ ಪೆಂಡಾಲಿನಾಗ ಈಗ ಒದರತೇನಿ ನೋಡು!”

ದುಂಡೇಶ ಅವನ ಕಡೆ ನೋಡಲೇ ಇಲ್ಲ. “ಕಾಕು, ನೀವ ಹೇಳ್ರಿ. ಎಷ್ಟ ಕೊಟ್ರ ನ್ಯಾಯ? ನೀವ ಹೇಳಿದ್ದ ಬರೀತೇನಿ.”

ಒಂಬತ್ತು ಅನ್ನು, ಒಂಬತ್ತು ಅನ್ನು ಮಾರಾಯ್ತಿ ಎಂದು ಶ್ರೀಪಾಲ ಮನಸ್ಸಿನಲ್ಲೇ ಇಪ್ಪತ್ತನಾಲ್ಕು ತೀರ್ಥಂಕರರಿಗೂ ಕೈಮುಗಿದ. ರಾಜಮತಿ ಬೆರಳ ಗೆಣ್ಣು ಎಣಿಸಿದಳು.

“ನೀ ಮೊದಲ ಹೇಳಿದ ಒಂಬತ್ತು ತೊಂಬತ್ತರಾಗ ತೊಗಲಿನ ಎಂಬತ್ತೈದು ತಗಿ. ರೆಗ್ಜಿನ್ನಿನ ಹನ್ನೆರಡು ಹಚ್ಚು, ಹೊಲದಾವಾ ಪುಕ್ಕಟ ಹೊಲದಿಲ್ಲ. ಒಂಬತ್ತು ಲಕ್ಷ ಹದಿನೇಳು ಸಾವಿರ. ಅದ ನ್ಯಾಯ.”

ದುಂಡೇಶ ಆಚೆ ಹೋಗಿ ಮಾಲಕನಿಗೆ ಮೊಬೈಲ್ ಹಚ್ಚಿದ. ಅಲ್ಲಿಂದ ಏನು ಬೈಗುಳ ಬಂತೋ, ಇವನೇನು ಹೇಳಿದನೋ ದೇವರೇ ಬಲ್ಲ. ಬಂದವನು ಒಂಬತ್ತು ಹದಿನೇಳು ಎಂದೇ ಬರೆದ, ಮುಂಗಡದ ಪಾವತಿ ಚೀಟಿಯನ್ನು ರಾಜಮತಿಯ ಕೈಗೆ ಎರಡೂ ಕೈಯಿಂದ ಕೊಟ್ಟ. ಗಾಡಿ ಎಂಟು ದಿನಕ್ಕೆ ಮನೆ ಬಾಗಿಲಿಗೆ ಬರುವುದೆಂದು ಮಾತಾಯಿತು.

ಗಂಡ ಹೆಂಡತಿ ಹುಕ್ಕೇರಿ ಬಸ್ಸು ಹತ್ತಿದರು. ಘಟಪ್ರಭೆ ದಾಟುವವರೆಗೂ ಶ್ರೀಪಾಲ, ಪಕ್ಕದಲ್ಲಿ ಕೂತವಳು ತಾನು ಇಷ್ಟು ವರ್ಷ ಬಾಳಿದ ಹೆಂಡತಿಯೋ ಬೇರೆ ಯಾರೋ ಎಂಬಂತೆ ಓರೆಗಣ್ಣಲ್ಲಿ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಕೇಳಿದ.

“ಅಲ್ಲಾ, ಅದು ತೊಗಲಲ್ಲ ಅಂತ ನಿನಗ ಮೊದಲ ಗೊತ್ತಿತ್ತೇನ?”

“ಗೊತ್ತಿತ್ತು.”

“ಆಂ! ಮತ್ತ ಹಂಗ ಜಿಗದ್ಯಲ್ಲ? ಅದು ಸುಳ್ಳಾಗಲಿಲ್ಲೇನ?”

“ಎಲ್ಲಿ ಸುಳ್ಳು? ತೊಗಲಂದಾವಾ ಅವ. ತೊಗಲಾದ್ರ ಕೂಡಾಂಗಿಲ್ಲ ಅಂದಾಕಿ ನಾ.”

ಶ್ರೀಪಾಲನಿಗೆ ಕೈಯೆತ್ತಿ ಮುಗಿಯಬೇಕೆನ್ನಿಸಿತು. ಮೂವತ್ತೈದು ವರ್ಷ ತಾನು ಮಾಡಿದ್ದೂ ಒಂದು ವ್ಯಾಪಾರವೇ! “ಹೆಂಗ ಗೊತ್ತಾತ ನಿನಗ? ತೊಗಲ ಮುಟ್ಟಿದಾಕಿನೂ ಅಲ್ಲ ನೀ.”

“ತೊಗಲು ಗೊತ್ತಿಲ್ರಿ. ರೆಗ್ಜಿನ್ ಗೊತ್ತೈತಿ.” ರಾಜಮತಿ ತಾನು ಕೂತ ಹರಕು ಸೀಟಿನ ಮೇಲೆ ಅಂಗೈ ಸವರಿದಳು. “ಮದವಿ ಆಗಿ ಮೂವತ್ತೆರಡು ವರ್ಷ ಇದರ ಮ್ಯಾಲ ಕೂತೇನಿ. ತವರಿಗೆ ಇದ, ದವಾಖಾನಿಗೆ ಇದ, ಬಾಣಂತಿ ಆದಾಗ ಕೂಸಿನ್ನ ಎತಗೊಂಡು ಬಂದದ್ದೂ ಇದ. ಬಿಸಲಾಗ ಬಂದ ಕೂತ್ರ ಸೀರಿ ಹೆಂಗ ಅಂಟಕೋತೈತಿ ಅಂತ ನನ್ನ ಬೆನ್ನಿಗಿ ಗೊತ್ತೈತಿ.”

ಪ್ರತಿ ಸಲ ಆಕೆ ಹೊರಟಾಗ ತಾನು ಹೇಳುತ್ತ ಬಂದ ಮಾತು ಶ್ರೀಪಾಲನ ನೆನಪಿಗೆ ಬಂತು. ಈ ವರ್ಷ ಬೆಲ್ಲದ ದರ ಬಿದ್ದೇತಿ, ಬರೂ ವರ್ಷ ಗಾಡಿ ನೋಡೂಣು. ದರ ಏರಿದ ವರ್ಷಗಳಲ್ಲೂ ಅದನ್ನೇ ಹೇಳಿದ್ದ. ಇವತ್ತಿನವರೆಗೆ ಆಕೆ ಅದಕ್ಕೆ ಎದುರು ಆಡಿರಲಿಲ್ಲ.

ರಾಜಮತಿ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು. “ರೊಕ್ಕ ಮೊದಲೂ ಇತ್ತಲ್ರಿ?”

ಉತ್ತರಕ್ಕೆ ಅವನ ಹತ್ತಿರ ಹತ್ತು ದಾರಿ ಇದ್ದವು. ಒಂದೊಂದನ್ನೂ ನಾಲಿಗೆ ತುದಿಗೆ ತಂದು ನೋಡಿದ. ಆಕೆ ಅವನ ಕಡೆ ತಿರುಗಿ ಕಾಯುತ್ತಿದ್ದಳು.

“ಇತ್ತು” ಎಂದ ಶ್ರೀಪಾಲ.