ಬಿತ್ತಿ ಉಳಿದ ಬೆಳ್ಳುಳ್ಳಿ

ಮಹಾನವಮಿ ಕಳೆದು ಮಳೆ ಹಿಂದೆ ಸರಿಯಿತೆಂದರೆ ನಮ್ಮ ಕಡೆ ಹೆಂಗಸರಿಗೆಲ್ಲ ಒಂದೇ ಕೆಲಸ, ಹಿತ್ತಲಲ್ಲಿ ಬೆಳ್ಳುಳ್ಳಿ ಹಾಕುವುದು. ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಮಡಿ ಮಾಡಿ ಎಸಳು ಊರಿದರೆ ಶಿವರಾತ್ರಿ ಕಳೆಯುವ ಹೊತ್ತಿಗೆ ಮನೆಖರ್ಚಿಗೆ ಆಗುವಷ್ಟು ಬರುತ್ತದೆ. ಊರಿದ್ದೆಲ್ಲ ಬರುವುದಿಲ್ಲ ಬಿಡಿ. ಕೆಲವನ್ನು ಗೆದ್ದಲು ತಿನ್ನುತ್ತದೆ, ಕೆಲವು ಮಣ್ಣಿನಲ್ಲೇ ಕೊಳೆಯುತ್ತವೆ. ಈ ಗೋಳು ನಿಮಗೂ ಗೊತ್ತಿರುವುದೇ. ಈ ಗೋಳಿಗೆ ನಮ್ಮ ಮನೆಯಲ್ಲಿ ಒಂದು ಉಪಾಯ ಮಾಡಿದೆವು. ಆ ಉಪಾಯದಿಂದ ನನ್ನ ಮಗಳು ಸತ್ತಳು.

ನನ್ನ ಹೆಸರು ಶಿವಗಂಗಮ್ಮ. ಸವಳಂಗದ ಹತ್ತಿರದ ಊರು. ಇದನ್ನು ನಾನು ಬಾಯಲ್ಲಿ ಹೇಳಿದೆ, ಊರೂರಿಗೆ ಹಂಚುವ ಕಾಗದಕ್ಕೆ ಅಂತ ಗ್ರಾಮಸೇವಕಿಯವರು ಓದುವ ಹಾಗೆ ತಿದ್ದಿ ಬರೆದುಕೊಂಡರು. ಹೆಸರು ಬದಲಾಯಿಸುತ್ತೇನೆ ಅಂದರು, ನಾನೇ ಬೇಡ ಅಂದೆ. ಯಾರೋ ಒಬ್ಬ ಹೆಂಗಸು ಅಂತ ಬರೆದರೆ, ಯಾವಳೋ ದಡ್ಡಿ ಅಂದುಕೊಂಡು ನೀವು ಕಾಗದ ಮಡಚಿ ಗೂಡಿನಲ್ಲಿ ಇಡುತ್ತೀರಿ. ನಾನು ದಡ್ಡಿಯಲ್ಲ. ಊರಿನಲ್ಲಿ ಅರ್ಧ ಬಾಣಂತಿಯರಿಗೆ ಖಾರ ಕುಟ್ಟಿಕೊಟ್ಟವಳು ನಾನು. ಒಂದು ಕಾಳು ದಂಡ ಮಾಡದವಳು ಅಂತ ಹೆಸರು ಪಡೆದವಳು. ಆ ಹೆಸರೇ ನನಗೆ ಮುಳುವಾಯಿತು.

ಎಪ್ಪತ್ತೊಂಬತ್ತನೇ ಇಸವಿಯ ಮಾತು. ನನ್ನ ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಹಾನವಮಿ ಮುಗಿದ ವಾರಕ್ಕೆ ಹೆಣ್ಣು ಕೂಸು ಆಯಿತು. ನಮ್ಮಲ್ಲಿ ಬಾಣಂತಿಗೆ ದಿನಾ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ ಕೊಡಬೇಕು. ಬಿಸಿ ಅನ್ನಕ್ಕೆ ಕಲಸಿ ಉಂಡರೆ ಹಾಲು ಇಳಿಯುತ್ತದೆ, ಮೈಗೆ ಶೀತ ಹತ್ತುವುದಿಲ್ಲ ಅನ್ನುತ್ತಾರೆ. ಹಾಗಾಗಿ ಆ ವರ್ಷ ಮನೆಯ ಬೆಳ್ಳುಳ್ಳಿ ಬೇಗ ಬೇಗ ಕರಗುತ್ತಿತ್ತು.

ಅದರ ಹಿಂದಿನ ವರ್ಷ ನಮ್ಮ ಮಡಿಗಳನ್ನು ಗೆದ್ದಲು ತಿಂದು ಹಾಕಿತ್ತು. ಈ ಸಲ ಹಾಗಾಗಬಾರದು ಅಂತ ನಮ್ಮ ಯಜಮಾನರು ಮಹೇಶ್ವರಪ್ಪನವರು ತಾವೇ ತಲೆ ಓಡಿಸಿದರು. ಭತ್ತಕ್ಕೆ ಹೊಡೆದು ಉಳಿದಿದ್ದ ಹುಳದ ಔಷಧಿ ಬಾಟಲಿಯ ತಳದಲ್ಲಿತ್ತು. ಅದನ್ನು ಬೋಗುಣಿಯ ನೀರಿಗೆ ಬಗ್ಗಿಸಿ, ಬಿತ್ತುವ ಎಸಳನ್ನೆಲ್ಲ ಒಂದು ಹಗಲು ಒಂದು ರಾತ್ರಿ ನೆನೆಹಾಕಿದರು. ಹಾಗೆ ಮಾಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಗದ್ದೆಯ ಹುಳ ಸಾಯುತ್ತದೆ ಅಂದಮೇಲೆ ಹಿತ್ತಲಿನ ಗೆದ್ದಲು ಸಾಯದೇ ಎಂಬ ಲೆಕ್ಕ.

ಬಿತ್ತಲು ಬಂದವಳು ಹನುಮಂತಮ್ಮ. ಊರಾಚೆಯ ಕೇರಿಯವಳು, ಹದಿನೈದು ವರ್ಷದಿಂದ ನಮ್ಮ ಗದ್ದೆಯಲ್ಲಿ ಕಳೆ ಕೀಳುವವಳು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವಳು, ಆದರೂ ನಾನು ಹನುಮಂತಿ ಅಂತಲೇ ಕರೆಯುತ್ತಿದ್ದೆ. ಅವಳು ಬೋಗುಣಿಗೆ ಕೈ ಹಾಕಲು ಹೋಗಿ ಹಿಂದಕ್ಕೆ ತೆಗೆದಳು. ಯಾವುದರಲ್ಲಿ ನೆನೆಹಾಕಿದ್ದು ಅಂತ ಕೇಳಿದಳು. ಹೇಳಿದೆ. ಆಮೇಲೆ ಒಂದೊಂದು ಎಸಳನ್ನೂ ಎರಡು ಕಡ್ಡಿಯಲ್ಲಿ ಹಿಡಿದು ಊರಿದಳು. ಇವಳದ್ದೇನು ಒನಪು ಅಂತ ನನಗೆ ನಗು ಬಂತು. ಕೆಲಸ ಮುಗಿದಾಗ ಎರಡು ಹಿಡಿಯಷ್ಟು ಎಸಳು ಉಳಿದಿತ್ತು.

"ಅಮ್ಮಾರೆ, ಉಳಿದಿದ್ದನ್ನ ಗುಂಡಿ ತೆಗೆದು ಮುಚ್ಚಿಬಿಡ್ರಿ. ದನಕ್ಕೂ ಹಾಕಬ್ಯಾಡ್ರಿ," ಅಂದಳು.

"ಸಿಪ್ಪೆ ಐತಲ್ಲೇ. ಸುಲಿದು ತೊಳೆದ್ರೆ ಒಳಗೇನಿರ್ತೈತೆ?" ಅಂದೆ.

"ನೆನೆಹಾಕಿದ ಕಾಳಿಗೆ ನೀರು ಇಳಿಯಾಕಿಲ್ವಾ, ಹಂಗೆ ಇದೂ ಒಳಗಿಳಿದಿರ್ತೈತೆ ಅಮ್ಮಾರೆ. ಹೋದ ವರ್ಷ ಔಷಧಿ ಹೊಡಿಯಾಕೆ ಹೋಗಿ ನಮ್ಮ ಕೇರಿ ಬೀರಲಿಂಗ ಗದ್ದ್ಯಾಗೇ ಬಿದ್ದಿದ್ದು ನಾನು ಕಂಡೀನಿ. ಬಾಯಾಗೆ ನೊರೆ, ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟಾಗಿತ್ತು."

ಸರಿ ಅಂದೆ. ಒಳಗೆ ಬೇರೆಯೇ ಅಂದುಕೊಂಡೆ. ನಾನು ಹೂತಿಟ್ಟರೆ ಇವಳು ಸಂಜೆ ಬಂದು ತೋಡಿಕೊಂಡು ಹೋಗುತ್ತಾಳೆ, ಅದಕ್ಕೇ ಈ ಕಥೆ ಕಟ್ಟುತ್ತಿದ್ದಾಳೆ ಅಂದುಕೊಂಡೆ. ಬೆಳ್ಳುಳ್ಳಿ ಆಗ ತುಟ್ಟಿ ಬೇರೆ. ಕೂಲಿಯವಳು ನನಗೆ ಬುದ್ಧಿ ಹೇಳುವುದೇ ಅಂತಲೂ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಅದೇ ಹೆಚ್ಚು ಅನ್ನಿಸಿದ್ದು. ಅವಳು ಹೋದ ಮೇಲೆ ಆ ಎಸಳನ್ನು ಮೊರದಲ್ಲಿ ಹರವಿ ಬಿಸಿಲಿಗೆ ಒಣಗಿಸಿ ಅಡುಗೆಮನೆಯ ಗೂಡಿನಲ್ಲಿ ಇಟ್ಟೆ.

ಬಿತ್ತಿದ ಐದನೆಯ ದಿನಕ್ಕೆ ಮನೆಯ ಬೆಳ್ಳುಳ್ಳಿ ಮುಗಿಯಿತು. ಹೊನ್ನಾಳಿ ಸಂತೆಗೆ ಇನ್ನೂ ಮೂರು ದಿನ. ಅಷ್ಟು ದಿನ ಬಾಣಂತಿಗೆ ತಪ್ಪಿಸುವುದೇ? ಗೂಡಿನ ಮೊರ ಕಣ್ಣಿಗೆ ಬಿತ್ತು. ಅದರಲ್ಲಿ ಅರ್ಧ ತೆಗೆದು ಸಿಪ್ಪೆ ಸುಲಿದು ಮೂರು ನೀರಿನಲ್ಲಿ ತೊಳೆದೆ. ಮೂಸಿ ನೋಡಿದೆ, ಬೆಳ್ಳುಳ್ಳಿಯ ವಾಸನೆಯೇ ಇತ್ತು. ಆ ಔಷಧಿಗೂ ಹೆಚ್ಚುಕಡಿಮೆ ಬೆಳ್ಳುಳ್ಳಿಯಂಥದ್ದೇ ವಾಸನೆ ಅಂತ ಆಮೇಲೆ ಡಾಕ್ಟರು ಹೇಳಿದ ಮೇಲೆ ತಿಳಿಯಿತು. ತೊಳೆದರೆ ಹೋಗದ್ದು ತುಪ್ಪದಲ್ಲಿ ಹುರಿದರೆ ಹೋದೀತು ಅಂತ ಕೆಂಪಗೆ ಹುರಿದು ಅನ್ನಕ್ಕೆ ಕಲಸಿ ಕೊಟ್ಟೆ.

ಕಸ್ತೂರಿ ಒಂದು ತುತ್ತು ಉಂಡು ಮುಖ ಕಿವುಚಿದಳು. "ಅವ್ವಾ, ಇದು ಯಾಕೋ ಕಹಿ ಐತೆ," ಅಂದಳು.

"ಬಾಣಂತಿ ಬಾಯಿಗೆ ಎಲ್ಲಾ ಕಹಿನೇ. ಸುಮ್ನೆ ಉಣ್ಣು," ಅಂದೆ.

ಉಂಡಳು. ತಟ್ಟೆಯಲ್ಲಿ ಒಂದು ಅಗುಳು ಬಿಡಲಿಲ್ಲ. ಚಿಕ್ಕಂದಿನಿಂದಲೂ ನನ್ನ ಮಾತಿಗೆ ಎದುರಾಡಿದವಳಲ್ಲ. ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಇದೆಯಲ್ಲ, ಅದನ್ನು ದಯವಿಟ್ಟು ನನ್ನ ಮುಂದೆ ಯಾರೂ ಹೇಳಬೇಡಿ.

ಸ್ವಲ್ಪ ಹೊತ್ತಿಗೆ ಅವಳ ಮೈ ಬೆವರಿತು. ಬಾಯಲ್ಲಿ ಜೊಲ್ಲು ಇಳಿಯತೊಡಗಿತು, ವಾಂತಿಯಾಯಿತು. ತೋಳಿನ ಮಾಂಸ ತಾನಾಗಿ ಅದುರುತ್ತಿತ್ತು. ಕಣ್ಣು ಮಂಜಾಗುತ್ತೈತೆ ಅಂದಳು. ನಾನು ಇದು ಬಾಣಂತಿ ಸನ್ನಿ ಅಂತ ತೀರ್ಮಾನ ಮಾಡಿದೆ. ಕಂಬಳಿ ಹೊದಿಸಿದೆ, ಕೆಂಡ ಹತ್ತಿರಕ್ಕೆ ಎಳೆದೆ. ಸನ್ನಿಗೆ ನಮ್ಮಲ್ಲಿ ಏನು ಕೊಡುತ್ತಾರೆ ಗೊತ್ತಲ್ಲ? ಬೆಳ್ಳುಳ್ಳಿ, ಮೆಣಸಿನ ಕಷಾಯ. ಮೊರದಲ್ಲಿ ಉಳಿದಿದ್ದ ಎಸಳನ್ನೆಲ್ಲ ಜಜ್ಜಿ ಕಾಯಿಸಿ, ತಲೆ ಎತ್ತಿ ಹಿಡಿದು ಕುಡಿಸಿದೆ. ಈ ಕೈಯಿಂದಲೇ, ಎರಡನೇ ಸಲ.

ಹಾಗೇ ಒಂದು ಗಂಟೆ ಕೂತೆ. ಯಜಮಾನರು ಗದ್ದೆಗೆ ಹೋಗಿದ್ದರು. ಹನುಮಂತಮ್ಮ ಹಿತ್ತಲಿಗೆ ಹುಲ್ಲು ತಂದುಹಾಕಲು ಬಂದವಳು ನರಳಾಟ ಕೇಳಿ ಬಾಗಿಲಿಗೆ ಬಂದಳು. ಏನು ಉಂಡರು ಅಂತ ಕೇಳಿದಳು. ಅನ್ನ, ಸಾರು ಅಂದೆ. ಅವಳ ಮುಂದೆ ನಿಜ ಹೇಳಲು ನನಗೆ ನಾಚಿಕೆ. ಮಗಳ ಜೀವ ಹೋಗುತ್ತಿದೆ, ನನಗೆ ನಾಚಿಕೆ!

ಅದುವರೆಗೆ ನಮ್ಮ ಹೊಸ್ತಿಲು ದಾಟದ ಹೆಂಗಸು ಸೀದಾ ಒಳಗೆ ಬಂದು ಕಸ್ತೂರಿಯ ರೆಪ್ಪೆ ಬಿಡಿಸಿ ನೋಡಿದಳು. ಅಡುಗೆಮನೆಗೆ ಹೋಗಿ ಸಿಪ್ಪೆ, ಬರಿದಾದ ಮೊರ ಎರಡನ್ನೂ ನೋಡಿ ಬಂದಳು.

"ಅಮ್ಮಾರೆ, ಮಾನ ಆಮ್ಯಾಲೆ ನೋಡ್ಕಳಾನ. ಆ ಬೆಳ್ಳುಳ್ಳಿ ಕೊಟ್ರಾ?"

ತಲೆ ಆಡಿಸಿದೆ.

ಅವಳು ಬೈಯಲಿಲ್ಲ. ತೊಟ್ಟಿಲಿನಿಂದ ಕೂಸನ್ನು ಎತ್ತಿ ಪಕ್ಕದ ಮನೆಯವರ ಕೈಗೆ ಕೊಟ್ಟು, ಯಾರು ಏನೇ ಹೇಳಿದರೂ ಇದಕ್ಕೆ ತಾಯಿ ಹಾಲು ಕುಡಿಸಬೇಡಿ ಅಂದಳು. ಬೀದಿಗೆ ಓಡಿ ಗಾಡಿ ಕಟ್ಟಿಸಿದಳು. ರಸ್ತೆಯವರೆಗೆ ಗಾಡಿ, ಅಲ್ಲಿಂದ ಬಸ್ಸು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಸ್ತೂರಿಗೆ ಉಸಿರು ಎಳೆಯಲು ಆಗುತ್ತಿರಲಿಲ್ಲ. ಡಾಕ್ಟರು ಮುಖ ನೋಡಿದವರೇ ಹೊಟ್ಟೆಗೆ ಏನು ಸೇರಿದೆ ಅಂತ ಕೇಳಿದರು. ನೆನೆಹಾಕಿದ್ದರಿಂದ ಹಿಡಿದು ಎಲ್ಲವನ್ನೂ ಹನುಮಂತಮ್ಮನೇ ಹೇಳಿದಳು. ಔಷಧಿಯ ಹೆಸರು ಓದಲು ಬಾರದ್ದಕ್ಕೆ ಅವಳು ಬಾಟಲಿಯನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಸೂಜಿಯ ಮೇಲೆ ಸೂಜಿ ಚುಚ್ಚಿದರು. ಹೊತ್ತು ಮುಳುಗುವ ಮುಂಚೆ ನನ್ನ ಮಗಳು ಹೋದಳು. ಇಪ್ಪತ್ತು ವರ್ಷ.

ಈ ವಿಷಕ್ಕೆ ಮದ್ದು ಇತ್ತು, ಬೆವರಿದ ಕೂಡಲೇ ಹೊರಟಿದ್ದರೆ ನೋಡಬಹುದಿತ್ತು ಅಂತ ಡಾಕ್ಟರು ಅಂದರು. ಮೆಲ್ಲಗೇ ಅಂದರು. ನಾನು ಸನ್ನಿ ಅಂತ ಕೂತ ಆ ಒಂದು ಗಂಟೆ ಇವತ್ತಿಗೂ ನನ್ನ ಎದೆಯ ಮೇಲೆ ಕೂತಿದೆ.

ಕೂಸಿಗೆ ಹಸುವಿನ ಹಾಲು ಒಗ್ಗಲಿಲ್ಲ, ಎರಡು ದಿನ ಕಾರಿತು. ಮೂರನೆಯ ದಿನ ಅಳುವ ಶಕ್ತಿಯೂ ಹೋಯಿತು. ಹನುಮಂತಮ್ಮನ ಮಗಳು ಅಂತರಘಟ್ಟಮ್ಮನಿಗೆ ಐದು ತಿಂಗಳ ಮಗು ಇತ್ತು. ಕೇರಿಯವಳ ಹಾಲನ್ನು ಹೇಗೆ ಕೇಳುವುದು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹಿಂದೆ ಮುಂದೆ ನೋಡಿದರು. ಕೊನೆಗೆ ಯಜಮಾನರೇ ಎದ್ದು, ಕೂಸನ್ನು ಎತ್ತಿಕೊಂಡು ಕೇರಿಗೆ ನಡೆದರು. ಅಲ್ಲಿ ಹೋಗಿ ಏನು ಕೇಳಿದರೋ ನನಗೆ ಗೊತ್ತಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೂಸನ್ನು ಮುಂದೆ ಹಿಡಿದು ನಿಂತರು ಅಂತ ಅಂತರಘಟ್ಟಮ್ಮ ಆಮೇಲೆ ಹೇಳಿದಳು. ಅವಳು ಕೈ ಚಾಚಿ ಕೂಸನ್ನು ತೆಗೆದುಕೊಂಡು ಎದೆಗೆ ಹಾಕಿಕೊಂಡಳಂತೆ. ಮೊಮ್ಮಗಳು ಉಳಿದಳು. ಅಳಿಯ ಅವಳನ್ನು ನಮ್ಮಲ್ಲೇ ಬಿಟ್ಟ. ಅವಳಿಗೂ ಕಸ್ತೂರಿ ಅಂತಲೇ ಹೆಸರಿಟ್ಟೆವು.

ಆ ವರ್ಷ ಹಿತ್ತಲಿನ ಬೆಳ್ಳುಳ್ಳಿ ಹುಲುಸಾಗಿ ಬಂತು. ಒಂದು ಎಸಳೂ ಹುಸಿ ಹೋಗಲಿಲ್ಲ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಯಜಮಾನರು ಎಲ್ಲವನ್ನೂ ಕಿತ್ತು, ಆಳದ ಗುಂಡಿ ತೆಗೆದು ಹೂತರು. ಆಮೇಲೆ ಅವರು ಹಿತ್ತಲಿಗೆ ಕಾಲಿಡಲಿಲ್ಲ.

ಎರಡು ವರ್ಷ ಮಡಿ ಬರಿದಾಗಿತ್ತು. ಮೂರನೆಯ ವರ್ಷ ಹನುಮಂತಮ್ಮ ತಾನಾಗಿ ಗುದ್ದಲಿ ಹಿಡಿದು ಬಂದಳು. "ಬೆಳ್ಳುಳ್ಳಿ ಏನು ತಪ್ಪು ಮಾಡೈತೆ ಅಮ್ಮಾರೆ?" ಅಂದಳು. ಅವಳು ತೋರಿಸಿಕೊಟ್ಟಂತೆಯೇ ಈಗಲೂ ಹಾಕುತ್ತೇನೆ. ಚೆನ್ನಾಗಿ ಕಳಿತ ಗೊಬ್ಬರಕ್ಕೆ ಬೇವಿನ ಹಿಂಡಿ ಬೆರೆಸಿ ಮಣ್ಣಿಗೆ ಸೇರಿಸಬೇಕು, ಗೆದ್ದಲು ಕಡಿಮೆಯಾಗುತ್ತದೆ. ನೀರು ನಿಲ್ಲದ ಹಾಗೆ ಮಡಿ ಎತ್ತರಿಸಿದರೆ ಕೊಳೆಯುವುದು ಅರ್ಧ ನಿಲ್ಲುತ್ತದೆ. ಗಡ್ಡೆ ಬಿಡಿಸಿದ ದಿನವೇ ಹೊರಸುತ್ತಿನ ದಪ್ಪ ಎಸಳು ಆರಿಸಿ, ಚೂಪು ತುದಿ ಮೇಲೆ ಮಾಡಿ, ನಾಲ್ಕು ಬೆರಳು ಅಂತರಕ್ಕೆ ಊರಬೇಕು. ಮೇಲೆ ಒಂದಿಷ್ಟು ಒಲೆ ಬೂದಿ. ಹತ್ತರಲ್ಲಿ ಎರಡು ಹೋಗುತ್ತವೆ, ಹೋಗಲಿ. ಗೆದ್ದಲೂ ತಿಂದುಕೊಂಡು ಹೋಗಲಿ.

ತಾಯಂದಿರೇ, ಈ ಮಹಾನವಮಿ ಕಳೆದು ನೀವೂ ಹಿತ್ತಲಿಗೆ ಇಳಿಯುತ್ತೀರಿ. ಗದ್ದೆಯ ಔಷಧಿಯನ್ನು ಹಿತ್ತಲಿಗೆ ತರಬೇಡಿ. ಔಷಧಿ ತಾಗಿದ ಬೀಜ, ಅದು ಬೆಳ್ಳುಳ್ಳಿಯಾಗಲಿ ಜೋಳವಾಗಲಿ, ತೊಳೆದರೂ ಸುಲಿದರೂ ಹುರಿದರೂ ಊಟದ ಪದಾರ್ಥವಲ್ಲ. ಉಳಿದರೆ ಬಾವಿ ಹಳ್ಳದಿಂದ ದೂರ ಹೂತುಬಿಡಿ. ಯಾರಿಗಾದರೂ ಜೊಲ್ಲು, ಬೆವರು, ಅದುರು ಕಂಡರೆ ಸನ್ನಿ, ದೃಷ್ಟಿ ಅಂತ ಕೂರಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ತಪ್ಪು ನಿಮ್ಮದೇ ಆಗಿದ್ದರೂ ಡಾಕ್ಟರ ಮುಂದೆ ಮುಚ್ಚಿಡಬೇಡಿ. ತಿಳಿದವರು ಹೇಳಿದಾಗ ಅವರು ಯಾವ ಕೇರಿಯವರು ಅಂತ ನೋಡಬೇಡಿ.

ಮೊಮ್ಮಗಳು ಈಗ ಎರಡನೇ ಕ್ಲಾಸು. ಬಸ್ಸಿನ ಬೋರ್ಡು, ಗೋಡೆಯ ಬರಹ, ಕಂಡದ್ದನ್ನೆಲ್ಲ ಕೂಡಿಸಿ ಓದುತ್ತಾಳೆ. ನಮ್ಮವ್ವ ಹೆಂಗೆ ಸತ್ತಳು ಅಂತ ಕೇಳಿದಾಗಲೆಲ್ಲ ಸನ್ನಿ ಆಗಿ ಅಂತ ಹೇಳಿದ್ದೇನೆ. ಈ ಕಾಗದ ನಮ್ಮ ಊರಿಗೂ ಬರುತ್ತದೆ, ಅವಳ ಕೈಗೂ ಸಿಗುತ್ತದೆ. ಓದಲಿ. ಆಮೇಲೆ ಅವಳು ನನ್ನನ್ನು ಅಜ್ಜಿ ಅಂತ ಕರೆಯುತ್ತಾಳೋ ಇಲ್ಲವೋ ನನಗೆ ತಿಳಿಯದು. ನಿಮ್ಮ ಮನೆಯ ಮಗುವಿಗೆ ಇಂಥ ಕಾಗದ ಓದುವ ದಿನ ತರಬೇಡಿ. ಉಳಿದ ಆ ಎರಡು ಹಿಡಿಯನ್ನು ಇವತ್ತೇ ಹೂತುಬಿಡಿ.