ಬೀಗದಂಗಡಿಯ ಬ್ರೌಸರು

ನಮ್ಮ ಮಾವನಿಗೆ ಬೀಗವೆಂದರೆ ಪ್ರಾಣ. ಅಂಗಡಿಯ ಶಟರಿಗೆ ಮೂರು, ಗಲ್ಲಾಪೆಟ್ಟಿಗೆಗೆ ಎರಡು, ಅಂಗಡಿಯ ಹಿಂದೆಯೇ ಇದ್ದ ಮನೆಯ ಸಕ್ಕರೆ ಡಬ್ಬಿಗೂ ಒಂದು. ಆದರೆ ಅಂಗಡಿಯ ಕಂಪ್ಯೂಟರಿನಲ್ಲಿದ್ದ ಬ್ರೌಸರು ಮಾತ್ರ ಬಾಗಿಲು ಹಾರುಹೊಡೆದುಕೊಂಡು ಕೂತಿತ್ತು. ಅಪ್‌ಡೇಟ್ ಮಾಡೋಣ ಎಂದು ನಾನು ಬಾಯಿ ಬಡಿದುಕೊಂಡಾಗಲೆಲ್ಲ ಒಂದೇ ಉತ್ತರ: "ನೆಟ್ಟಗೆ ನಡೀತಿರೋದನ್ನ ಯಾಕೋ ಕೆದಕ್ತೀಯ, ಸಿಡುಕ?" ಅರ್ಧಕ್ಕೆ ಶಾಲೆ ಬಿಟ್ಟ ನನ್ನ ಮಾತಿಗೆ ಕಿವಿ ಕೊಡುವವರು ಯಾರು?

ಆವತ್ತು ಒಂದು ದೊಡ್ಡ ವಸತಿ ಕಟ್ಟಡದ ಅಷ್ಟೂ ಮನೆಗಳ ಬೀಗ ಬದಲಿಸುವ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ಸಂಜೆ ಐದಕ್ಕೆ ಗಡುವು. ಎದುರು ಸಾಲಿನ ಅಂಗಡಿಯವನು ಕೀಲಿ ಕೊರೆಯುವ ಹೊಸ ಮೆಷಿನ್ ತಂದ ಮೇಲೆ ನಮ್ಮ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈ ಕೆಲಸವೂ ಕೈ ತಪ್ಪಿದರೆ ಅಂಗಡಿ ಮುಚ್ಚುವುದೇ.

ಅರ್ಜಿಯಲ್ಲೊಂದು ಪ್ರಶ್ನೆ: ಚೆನ್ನಾಗಿರುವ ಹಳೆಯ ಬೀಗವನ್ನು ಏಕೆ ಬದಲಿಸಬೇಕು? ಮಾವ ಕಣ್ಣು ಮುಚ್ಚಿ ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. "ಹಳೇ ಬೀಗ ನೋಡೋಕೆ ಗಟ್ಟಿಯಾಗೇ ಇರುತ್ತೆ. ಆದ್ರೆ ಅದರ ಹುಳುಕು ಊರಿನ ಕಳ್ಳರಿಗೆಲ್ಲ ಗೊತ್ತಾಗಿರುತ್ತೆ. ಅಷ್ಟಾದ್ರೂ ಬದಲಾಯಿಸದೆ ಇರೋನು ಕಳ್ಳನಿಗೆ ಹಾಸಿಗೆ ಹಾಸಿ ಕೊಟ್ಟ ಹಾಗೆ."

ಕಳುಹಿಸುವ ಗುಂಡಿ ಒತ್ತಿದೆ. 'ನಿಮ್ಮ ಬ್ರೌಸರ್ ತೀರಾ ಹಳೆಯದು, ಸುರಕ್ಷಿತವಲ್ಲ. ಅಪ್‌ಡೇಟ್ ಮಾಡಿಕೊಂಡು ಬನ್ನಿ' ಎಂದು ಮುಖಕ್ಕೆ ರಾಚಿತು.

"ಮಾಡಲ್ಲ," ಎಂದರು ಮಾವ. "ಬಿಟ್ಟಿಯಾಗಿ ನನ್ನ ಬೀಗ ಬದಲಾಯಿಸ್ತೀನಿ ಅಂತ ಗುರುತಿಲ್ಲದೋನು ಬಂದ್ರೆ ಒಳಗೆ ಬಿಟ್ಕೋತೀನಾ?"

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಪರದೆಯ ಮೇಲಿದ್ದ ಅವರದೇ ಮಾತನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಕಳ್ಳನ ಹಾಸಿಗೆಯ ಹತ್ತಿರ ಬಂದಾಗ ಮಾವ ಕೆಮ್ಮಿದರು.

"ಸರಿ ಏಳು. ನಾನೇ ಮಾಡ್ತೀನಿ."

ಕೂತವರೇ ಎಲ್ಲೆಲ್ಲೋ ಒತ್ತಿ, ಅತ್ತೆ ಧಾರಾವಾಹಿ ನೋಡುವ ಪುಟಕ್ಕೆ ಹೋಗಿ ಬಿದ್ದರು. ಅಲ್ಲೊಂದು ಕೆಂಪು ಚೌಕ ಮಿಣಮಿಣ ಎನ್ನುತ್ತಿತ್ತು: 'ಅಪಾಯ! ಈಗಲೇ ಇಲ್ಲಿ ಒತ್ತಿ ಬ್ರೌಸರ್ ಅಪ್‌ಡೇಟ್ ಮಾಡಿ.' ಮಾವನ ಬೆರಳು ಇನ್ನೇನು ಒತ್ತಬೇಕು, ನಾನು ಮೌಸನ್ನೇ ಕಿತ್ತುಕೊಂಡೆ.

"ಅದು ಮೋಸ ಮಾವ. ಒತ್ತಿದ್ರೆ ವೈರಸ್ ಬರುತ್ತೆ."

"ಮೋಸ ಹೇಗಾಗುತ್ತೋ? ಬೀಗದ ಚಿತ್ರ ಇದೆಯಲ್ಲ."

"ಯಾವುದೋ ಪುಟ ಬಂದು ಅಪ್‌ಡೇಟ್ ಮಾಡು ಅಂದ್ರೆ ನಂಬಬಾರದು. ಬ್ರೌಸರಿನದೇ ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡಬೇಕು."

ಹೋಗಿ ನೋಡಿದರೆ, ನಿಜವಾದ ಅಪ್‌ಡೇಟ್ ಯಾವತ್ತೋ ಇಳಿದು ಕಾಯುತ್ತಾ ಕೂತಿತ್ತು. ಬ್ರೌಸರನ್ನು ಒಂದು ಸಲ ಮುಚ್ಚಿ ತೆರೆದಿದ್ದರೆ ಸಾಕಿತ್ತು. ಅದನ್ನು ಮುಚ್ಚುವುದಿರಲಿ, ಕಂಪ್ಯೂಟರನ್ನೇ ಈ ಮನೆಯಲ್ಲಿ ಯಾರೂ ಆರಿಸಿರಲಿಲ್ಲ, ಏಕೆಂದರೆ ಅತ್ತೆ ಮುಚ್ಚಲು ಬಿಡುತ್ತಿರಲಿಲ್ಲ. ಸ್ವೆಟರಿನ ಡಿಸೈನು, ತಂಗಿಯ ಊರಿನ ಹವಾಮಾನ, ಅರ್ಧ ನೋಡಿದ ಧಾರಾವಾಹಿಗಳು, ಎಲ್ಲ ಟ್ಯಾಬುಗಳೂ ಮೇಲೆ ಬಾಚಣಿಗೆಯ ಹಲ್ಲಿನಂತೆ ಒತ್ತಿಕೊಂಡಿದ್ದವು.

"ಮುಚ್ಚಿದ್ರೆ ಅವೆಲ್ಲ ಎಲ್ಲಿಗೆ ಹೋಗ್ತವೆ?" ಅತ್ತೆ ಒಳಗಿನಿಂದ ಸೌಟು ಹಿಡಿದೇ ಬಂದರು.

"ಎಲ್ಲೂ ಹೋಗಲ್ಲ ಅತ್ತೆ. ತೆರೆದಾಗ ಮತ್ತೆ ಬರ್ತವೆ."

"ಹೀಗೇ ಹೇಳಿ ನಿಮ್ಮ ಮಾವ ನನ್ನ ಟ್ರಂಕಿನ ಬೀಗ ಬಿಚ್ಚಿದ್ರು. ಇವತ್ತಿಗೂ ಅದು ಮುಚ್ಚಿಕೊಳ್ತಿಲ್ಲ."

"ಆ ಮಾತು ಈಗ್ಯಾಕೆ?" ಎಂದರು ಮಾವ.

"ಅತ್ತೆ, ಈ ಕೆಲಸ ಸಿಗದಿದ್ರೆ ಅಂಗಡೀನೇ ಇರಲ್ಲ. ಆಮೇಲೆ ಮಾವ ಇಡೀ ದಿನ ಮನೇಲೇ ಕೂತಿರ್ತಾರೆ."

ಅತ್ತೆ ಮಾವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ಮುಚ್ಚು," ಎಂದರು.

ಬ್ರೌಸರು ಮುಚ್ಚಿತು, ತೆರೆಯಿತು. ಟ್ಯಾಬುಗಳೆಲ್ಲ ವಾಪಸು ಬಂದವು. ಅರ್ಜಿ ಮಾತ್ರ ಖಾಲಿಯಾಗಿತ್ತು. ಗಡಿಯಾರ ಐದರ ಹತ್ತಿರ ಓಡುತ್ತಿತ್ತು. ನಾನು ಶಾಪ ಹಾಕುತ್ತಲೇ ಟೈಪ್ ಮಾಡಿದೆ, ಮಾವ ಮತ್ತೆ ಹೇಳಿದರು, ಈ ಸಲ ಕೊನೆಗೆ ಒಂದು ಮಾತು ಸೇರಿಸಿ: "ಇದು ನನ್ನ ಸ್ವಂತ ಅನುಭವ." ಒತ್ತಿದೆ. 'ನಿಮ್ಮ ಅರ್ಜಿ ತಲುಪಿದೆ' ಎಂದು ಬಂತು.

ನಾನು ಉಸಿರು ಬಿಡುವಷ್ಟರಲ್ಲಿ ಮಾವ ಮತ್ತೆ ಆ ಕೆಂಪು ಚೌಕವನ್ನೇ ತೆಗೆದು, ಕೀಲಿ ನೋಡುವ ಭೂತಗನ್ನಡಿಯನ್ನು ಪರದೆಗೆ ಹಿಡಿದು ಕೂತಿದ್ದರು. ಮುಖ ಕೆಂಪಾಗಿತ್ತು.

"ನೋಡೋ ಇಲ್ಲಿ. ಕೀಲಿ ಹಾಕೋಕೆ ತೂತೇ ಇಲ್ಲ ಈ ಬೀಗಕ್ಕೆ. ನನ್ನನ್ನ ಏನಂದ್ಕೊಂಡಿದಾನೆ ಅವನು?"

"ಅದನ್ನ ಮುಚ್ಚು," ಎಂದರು ಅತ್ತೆ ನನಗೆ. "ಮಿಕ್ಕಿದ್ದನ್ನ ಮುಟ್ಟೀಯ ಮತ್ತೆ."