ಗಾಲಿಯ ಹಿಂದಿನ ಕಲ್ಲು

ಕಲ್ಲು ಇಟ್ಟಿದ್ದಾರೆ, ಪುಣ್ಯಾತ್ಮರು, ಕಲ್ಲು ಇಟ್ಟಿದ್ದಾರೆ — ಮದ್ದೂರು ದಾಟಿ ಮಳವಳ್ಳಿಯ ಕಡೆಗೆ ಹೋಗುವ ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತ್ತು, ಟ್ರೈಲರಿನ ಹಿಂದಿನ ಗಾಲಿಗೆ ಒತ್ತಿ ಒಂದು ಸೈಜುಗಲ್ಲು, ಡ್ರೈವರು ಹೊಂಗೆಯ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದ, ಬಿಸಿಲಿಗೆ ಕಾದ ಕಬ್ಬಿನ ವಾಸನೆ ನಾಗರತ್ನಳ ಕಾರಿನೊಳಕ್ಕೆ ಬಂತು, ಆ ವಾಸನೆಯ ಬೆನ್ನಿಗೇ ಅವಳ ಅಪ್ಪನೂ ಬಂದ, ತಿಮ್ಮಯ್ಯ, ಸತ್ತು ಇಪ್ಪತ್ತು ವರ್ಷವಾದರೂ ಕಬ್ಬಿನ ವಾಸನೆ ಎಲ್ಲಿದ್ದರೂ ಬಂದೇ ಬರುವ ಅಪ್ಪ, ನಿಡಘಟ್ಟದ ಪಕ್ಕದ ಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದವನು, ಎಂಟು ವರ್ಷದ ಅವಳಿಗೆ ಆಗ ಒಂದೇ ಕೆಲಸ, ಕಲ್ಲನ್ನು ಸೊಂಟಕ್ಕೆ ಒತ್ತಿಕೊಂಡು ಗಾಡಿಯ ಹಿಂದೆ ನಡೆಯುವುದು, ಏರಿನಲ್ಲಿ ಎತ್ತುಗಳು ಏದುಸಿರು ಬಿಟ್ಟು ನಿಂತ ಕೂಡಲೇ ಮೇಲಿಂದ ಕೂಗು, ಕಲ್ ಕೊಡಮ್ಮೀ, ಅವಳು ಓಡಿಹೋಗಿ ಗಾಲಿಗೆ ಕಲ್ಲು ಕೊಟ್ಟ ಮೇಲೆಯೇ ಅಪ್ಪನ ಕೈ ಸಡಿಲವಾಗುತ್ತಿದ್ದುದು, ಸಮತಟ್ಟು ರಸ್ತೆಯಲ್ಲಿ ಕತೆ, ಅವಳಿಗೆ ನಡೆದೂ ನಡೆದೂ ಕಣ್ಣು ಕೂರುತ್ತಿತ್ತಲ್ಲ ಅದಕ್ಕೆ, ಅಪ್ಪ ಕಬ್ಬಿನ ಹೊರೆಯ ಮೇಲಿಂದ ಹೇಳುವುದು, ಇವಳು ಹಿಂದಿನಿಂದ ಹ್ಞೂಂ ಅನ್ನುವುದು, ಹ್ಞೂಂ ನಿಂತರೆ ಕತೆಯೂ ನಿಂತಿತು, ಆದರೆ ತಿಮ್ಮಯ್ಯ ಕಳ್ಳ, ಬರಿಯ ಹ್ಞೂಂ ನಂಬುವವನಲ್ಲ, ಏಳು ಜನ ಅಣ್ಣತಮ್ಮಂದಿರು ಇದ್ದರು ಎಂದು ಶುರು ಮಾಡಿ, ನಡುವೆ ಮೆಲ್ಲಗೆ, ಆಗ ಎಂಟನೆಯವನು ಎದ್ದು ನಿಂತ ಎನ್ನುತ್ತಿದ್ದ, ಇವಳು ನಿದ್ದೆಗಣ್ಣಲ್ಲಿ ಹ್ಞೂಂ ಎಂದಳೋ ಸಿಕ್ಕಿಬಿದ್ದಳು, ಎಂಟ್ನೇವ್ನು ಎಲ್ಲಿಂದ ಬಂದ್ನಮ್ಮಿ, ನಿಮ್ಮತ್ತೆ ಮನೆಯಿಂದ ಬಂದ್ನಾ, ಮಲೀಕಂಡು ಹ್ಞೂಂ ಅಂತೀಯ, ಕಲ್ ಕೊಡೋರು ಮಲಗ್ಬಾರ್ದು ಕಣಮ್ಮಿ — ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು, ಅವಳು ಟ್ರ್ಯಾಕ್ಟರನ್ನು ಬಳಸಿ ಮುಂದಕ್ಕೆ ಹೋದಳು, ಕನ್ನಡಿಯಲ್ಲಿ ಕಲ್ಲು ಚಿಕ್ಕದಾಗುತ್ತಾ ಹೋಯಿತು.

ಕಲ್ ಕೊಡೋರು ಮಲಗಬಾರದು, ಅದನ್ನೇ ಅಲ್ಲವೇ ಅವಳು ಸೇನೆಗೆ ಹೊತ್ತುಕೊಂಡು ಹೋದದ್ದು, ಉತ್ತರದಲ್ಲಿ ಸೇನೆಯ ಡ್ರೈವರುಗಳನ್ನು ತಯಾರು ಮಾಡುವ ಕೇಂದ್ರ, ಅಲ್ಲಿ ಪಾಠಗಳನ್ನು ರೂಪಿಸುವ ವಿಭಾಗಕ್ಕೆ ಅವಳು ಮುಖ್ಯಸ್ಥೆ, ಸಮವಸ್ತ್ರವಿಲ್ಲದ ಹೆಂಗಸು, ಕೈಕೆಳಗೆ ಆರು ಜನ, ಹೋದ ಹೊಸತರಲ್ಲಿ ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದಳು, ಕಲಿಸುವ ಹವಾಲ್ದಾರನಿಗೆ ಅಲ್ಲಿ ಉಸ್ತಾದ್ ಎನ್ನುತ್ತಾರೆ, ಉಸ್ತಾದ್ ಪಾಠ ಮುಗಿಸಿ ಅರ್ಥವಾಯಿತೇ ಎಂದು ಗದರಿದರೆ ನೂರು ಗಂಟಲು ಒಟ್ಟಿಗೇ ಯೆಸ್ ಸರ್, ಅವಳಿಗೆ ತಕ್ಷಣ ಗುರುತು ಸಿಕ್ಕಿತು, ಇದು ನಿದ್ದೆಗಣ್ಣಿನ ಹ್ಞೂಂ, ಮಕ್ಕಳು ಮಲಗಿದ್ದಾರೆ, ಅದಕ್ಕೇ ತಿಮ್ಮಯ್ಯನ ಎಂಟನೆಯವನನ್ನು ಪಾಠದೊಳಕ್ಕೆ ತಂದು ನಿಲ್ಲಿಸಿದಳು, ಇಳಿಜಾರಿನಲ್ಲಿ ಲಾರಿ ನಿಲ್ಲಿಸಿ ರಿಪೇರಿ ಮಾಡುವ ಪಾಠದಲ್ಲಿ ಉಸ್ತಾದ್ ಬೇಕೆಂದೇ ಗಾಲಿಗೆ ಕಲ್ಲು ಇಡುವುದಿಲ್ಲ, ಇಡದೆ ಲಾರಿಯ ಕೆಳಗೆ ತೂರಲು ಹೋಗುತ್ತಾನೆ, ಹುಡುಗರೇ ಕೂಗಿ ನಿಲ್ಲಿಸಬೇಕು, ಮೊದಲ ದಿನ ಯಾರೂ ಕೂಗಲಿಲ್ಲ, ಎರಡನೆಯ ದಿನ ಒಬ್ಬ, ನಾಲ್ಕನೆಯ ದಿನಕ್ಕೆ ಇಡೀ ಮೈದಾನವೇ ಕಲ್ಲು ಕಲ್ಲು ಎಂದು ಹಿಂದಿಯಲ್ಲಿ ಅರಚಿತು, ಅವಳಿಗೆ ಆನಂದದಿಂದ ಕಣ್ಣಲ್ಲಿ ನೀರು, ಅಪ್ಪಾ, ನೋಡು, ನಿನ್ನ ಹ್ಞೂಂ ಎಲ್ಲಿಗೆ ಬಂತು — ಎಂಟು ವರ್ಷ ಹಾಗೆಯೇ ನಡೆಯಿತು, ಆಮೇಲೆ ಆದೇಶ ಬಂತು, ಹತ್ತು ವಾರದ ತರಬೇತಿ ಏಳು ವಾರಕ್ಕೆ ಇಳಿಯಬೇಕು, ಪಾಠವೆಲ್ಲ ಮೊಬೈಲಿಗೆ ಬರಬೇಕು, ಒಂದು ಪಾಠ ಹನ್ನೆರಡು ನಿಮಿಷ ಮೀರಬಾರದು, ಕೊನೆಯಲ್ಲಿ ಅರ್ಥವಾಯಿತು ಎಂಬ ಹಸಿರು ಗುಂಡಿ, ಮೈದಾನದಲ್ಲಿ ಚಿತ್ರೀಕರಿಸಿದ ಕಲ್ಲಿನ ಪಾಠ ಹದಿನಾರು ನಿಮಿಷ ಇತ್ತು, ಕೊಯ್ಯಿರಿ ಎಂದವಳು ಅವಳೇ, ವಿಡಿಯೋ ಕೊಯ್ಯುವ ಹುಡುಗಿ ರಂಜಿತ, ಮಂಡ್ಯದವಳೇ, ಬಾಗಿಲಲ್ಲಿ ನಿಂತು ಹೇಳಿದಳು, ಮೇಡಂ, ನಾಕು ನಿಮಿಷ ತೆಗ್ದಿದೀನಿ, ಕನ್ನಡದ ಹುಡುಗ್ರ ಪ್ರತಿಗೆ ನಿಮ್ಮ ದನೀನೂ ಕೂರ್ಸಿದೀನಿ, ಒಂದ್ಸಲ ಪೂರ್ತಿ ನೋಡ್ಬುಡಿ, ಮೇಡಂ ಕೇಳುಸ್ತಾ, ಮರುದಿನ ದೆಹಲಿಯಿಂದ ದೊಡ್ಡವರು ಬರುವವರಿದ್ದರು, ನಾಗರತ್ನ ಅವರಿಗೆ ತೋರಿಸುವ ಪಟ್ಟಿ ತಿದ್ದುತ್ತಿದ್ದಳು, ತಲೆ ಎತ್ತಲಿಲ್ಲ, ಹ್ಞೂಂ ಎಂದಳು, ಕಳಿಸ್ಲಾ ಮೇಡಂ, ಹ್ಞೂಂ, ನೋಡಿದ್ರಾ, ಹ್ಞೂಂ ಕಣೇ ಹೋಗು, ಆ ಹುಡುಗಿ ಒಂದು ಗಳಿಗೆ ಹಾಗೇ ನಿಂತಿದ್ದಳು, ನಿಂತಿದ್ದಳಲ್ಲವೇ, ನಿಂತು ಹೋದಳು.

ಆ ನಾಲ್ಕು ನಿಮಿಷದಲ್ಲಿ ಹೋದದ್ದು ಹುಡುಗರ ಕೂಗು, ಉಸ್ತಾದನ ನಗು, ಕಲ್ಲು, ಉಳಿದದ್ದು ತಪ್ಪು, ಬೇಕೆಂದೇ ಮಾಡಿದ ತಪ್ಪು ಹಾಗೇ ಉಳಿಯಿತು, ಉಸ್ತಾದ್ ಕಲ್ಲಿಲ್ಲದೆ ಲಾರಿಯ ಕೆಳಗೆ ಹೋಗುತ್ತಾನೆ, ನಾಗರತ್ನಳ ದನಿ ನಿಧಾನವಾಗಿ ಹೇಳುತ್ತದೆ, ಬ್ರೇಕ್ ಎಳೆದಾಯಿತು, ಗೇರ್ ಹಾಕಿದ್ದಾಯಿತು, ಇನ್ನು ಕೆಳಗೆ ಹೋಗಬಹುದು — ಅದರ ಮುಂದೆ ಒಂದು ಪ್ರಶ್ನೆ ಇತ್ತು, ಹೋಗಬಹುದೇ, ಏನೋ ಮರೆತರಲ್ಲ ಎಂದು, ಆ ಪ್ರಶ್ನೆ ಹೋಯಿತು, ಹೋಗಬಹುದು ಎಂಬುದು ಉಳಿಯಿತು, ಅದನ್ನು ಏಳು ತಿಂಗಳು ಎಷ್ಟು ಹುಡುಗರು ನೋಡಿದರೋ, ಎಷ್ಟು ಬೆರಳು ಹಸಿರು ಗುಂಡಿ ಒತ್ತಿದವೋ, ಹಿಂದಿನ ವರ್ಷ ಚಳಿಗಾಲದಲ್ಲಿ ಬೆಟ್ಟದ ರಸ್ತೆಯೊಂದರಲ್ಲಿ ಲಾರಿ ಹಿಂದಕ್ಕೆ ಜಾರಿತು, ಕೆಳಗೆ ಸಿಕ್ಕಿ ಸತ್ತ ಹುಡುಗನಿಗೆ ಇಪ್ಪತ್ತೆರಡು ವರ್ಷ, ಹೆಸರು ಫರ್ದೀನ್, ತಂದೆ ಕರೀಂ, ಊರು ಮಳವಳ್ಳಿ, ಮಳವಳ್ಳಿ ಎಂಬ ನಾಲ್ಕು ಅಕ್ಷರ ಕಡತದಲ್ಲಿ ಕಂಡಾಗ, ಹಾಗಾದರೆ ಇವನು ನೋಡಿದ್ದು ನನ್ನ ದನಿಯ ಪ್ರತಿ ಎಂದು ಹೋಗಿ ವಿಡಿಯೋ ನೋಡಿದಳು, ಮೊದಲ ಸಲ ಪೂರ್ತಿ ನೋಡಿದಳು, ನೋಡಿ ಏನು ಮಾಡಿದಳು, ಯಾರಿಗೂ ಹೇಳದೆ ಕೊಯ್ದದ್ದನ್ನು ಅಳಿಸಿ ಹದಿನಾರು ನಿಮಿಷದ್ದನ್ನು ಹಾಕಿದಳು, ಮಾರನೆಯ ದಿನ ವಿಚಾರಣೆಯಲ್ಲಿ ಮೂವರು ಅಧಿಕಾರಿಗಳು ಕೇಳಿದರು, ಕಲ್ಲಿನ ಮಾತು ಪಾಠದಲ್ಲಿದೆಯೇ, ಇದೆ ಸರ್, ತರಬೇತಿ ಪುಸ್ತಕದ ನಾಲ್ಕನೇ ಪುಟದಲ್ಲಿದೆ, ಅದು ನಿಜ, ಅಲ್ಲಿ ಇತ್ತು, ಹುಡುಗ ಗುಂಡಿ ಒತ್ತಿದ್ದನೇ, ಒತ್ತಿದ್ದ ಸರ್, ಅದೂ ನಿಜ, ನಿಜಗಳನ್ನೇ ಒಂದರ ಮೇಲೊಂದು ಇಟ್ಟು ಎಂಥ ಸುಳ್ಳನ್ನು ಕಟ್ಟಿದೆನಲ್ಲ ನರಸಿಂಹ, ಡ್ರೈವರನ ಅಜಾಗರೂಕತೆ ಎಂದು ಬರೆದು ಕಡತ ಮುಚ್ಚಿದರು — ಇವತ್ತು ಬೆಳಿಗ್ಗೆ ಮದ್ದೂರಿನ ನರಸಿಂಹಸ್ವಾಮಿಯ ಮುಂದೆ ಕೈ ಮುಗಿದು ನಿಂತವಳಿಗೆ ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ, ಕಂಬ ಒಡೆದು ಬಂದ ಸ್ವಾಮಿಗೆ ಹೇಳದೆ ಇದ್ದರೂ ತಿಳಿಯುತ್ತದೆ, ಹೇಳಬೇಕಾದ್ದು ಮಳವಳ್ಳಿಯಲ್ಲಿ, ತೀರ್ಥ ಕೈಯಲ್ಲಿ ಹಾಗೇ ಇತ್ತು, ಕುಡೀರಮ್ಮ, ಹಿಂದೆ ಜನ ನಿಂತವ್ರೆ ಎಂದರು ಅರ್ಚಕರು.

ಮಳವಳ್ಳಿಯಲ್ಲಿ ಫರ್ದೀನನ ಅಪ್ಪನ ಗ್ಯಾರೇಜು ಹುಡುಕುವುದು ಕಷ್ಟವಾಗಲಿಲ್ಲ, ಇಳಿಜಾರು ಬೀದಿ, ಗ್ರೀಸು ಮೆತ್ತಿದ ಬಾಗಿಲು, ಕಾರಿನ ಕಿಟಕಿ ಇಳಿಸಿ ಕೇಳಿದಳು, ಕರೀಂ ಅಣ್ಣನವರ ಗ್ಯಾರೇಜು ಇದೇನಾ, ಬಾನೆಟ್ಟಿನೊಳಗೆ ಬಗ್ಗಿದ್ದ ಮುದುಕನ ಕೈಯಲ್ಲಿ ಸ್ಪಾನರು ನಿಂತಿತು, ಅಷ್ಟು ಹೊತ್ತು ಯಾಕೆ ನಿಂತಿತು ಎಂದು ಅವಳಿಗೆ ಆಗ ಹೊಳೆಯಲಿಲ್ಲ, ಇದೇಯ ಎಂದ, ಬಾಗಿಲ ಮೂಲೆಯಿಂದ ಎಣ್ಣೆಗೆ ಕಪ್ಪಗಾದ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವಳ ಕಾರಿನ ಹಿಂದಿನ ಗಾಲಿಗೆ ಕೊಟ್ಟ, ಕಾಲಲ್ಲಿ ಒತ್ತಿ ನೋಡಿದ, ಇಳ್ಜಾರು ಮೇಡಂ, ಆಂಡ್ ಬ್ರೇಕ್ ನಂಬ್ಕಂಡು ಕೂರ್ಬಾರ್ದು, ಇಳೀರಿ, ಅವಳು ಇಳಿದಳು, ಫರ್ದೀನ್ ಇದ್ದ ಕೇಂದ್ರದಿಂದ ಬಂದಿದೀನಿ ಎಂದಷ್ಟೇ ಹೇಳಿದಳು, ಒಳಗಿನಿಂದ ಫರ್ದೀನನ ತಾಯಿ ಶಮೀಮ್ ಬಾನು ಬಂದು ಕೈ ಹಿಡಿದುಕೊಂಡಳು, ಅಷ್ಟು ದೂರದಿಂದ ಬಂದ್ರಾ, ನಮ್ ಮಗನ್ನ ನೋಡಿದ್ರಾ ನೀವು, ನೋಡಿರಲಿಲ್ಲ, ಆದರೂ ಹ್ಞೂಂ ಎಂದಿತು ಬಾಯಿ, ಮತ್ತೆ ಅದೇ ಹ್ಞೂಂ, ಟೀ ಬಂತು, ಏಲಕ್ಕಿ ಹಾಕಿದ ಟೀ, ಕರೀಂ ಮಾತು ಶುರು ಮಾಡಿದ, ಅವಳು ಹ್ಞೂಂ ಎನ್ನುತ್ತಾ ಹೋದಳು, ಆರು ವರ್ಷದ್ ಮಗೀಗೆ ನಾನ್ ಮೊದ್ಲು ಕಲ್ಸಿದ್ದೇ ಕಲ್ ಇಡದು ಮೇಡಂ, ಸ್ಪಾನರ್ ಇಡಿಯಾದಲ್ಲ, ಹ್ಞೂಂ, ಈಗ ಲಾರಿ ಓಡ್ಸೋ ಚಿಕ್ಕಬೋರಯ್ಯ ಸಂತೇಲಿ ನನ್ ನಿಲ್ಸಿ ಕೇಳ್ತಾನೆ, ಏನ್ಲಾ ಕರೀಂ, ಊರಿಗೆಲ್ಲಾ ಬುದ್ಧಿ ಹೇಳ್ತಿದ್ದೆ, ನಿನ್ ಮಗನ್ಗೇ ಕಲ್ ಇಡದು ಗೊತ್ತಿರ್ನಿಲ್ವಾ ಅಂತ, ನಾನೇನ್ ಏಳ್ಲಿ, ಹ್ಞೂಂ, ಕೊನೇ ರಜಕ್ಕೆ ಬಂದಾಗ ಇದೇ ಬೀದೀಲಿ ಕಲ್ ಇಡ್ದಂಗೇ ಜೀಪಿನ್ ಕೆಳೀಕ್ ಓದ ಮೇಡಂ, ನಾನ್ ಕಾಲ್ ಇಡ್ದು ಎಳ್ದೆ, ಬೈದೆ, ಅವ್ನು ನಗ್ತಾನೆ, ಅಬ್ಬಾಜಾನ್, ಅದೆಲ್ಲಾ ಅಳೇದು, ಆರ್ಮಿ ಪಾಠ ನೋಡು ಬಾ ಅಂತ ಫೋನ್ ತೋರುಸ್ದ, ಹ್ಞೂಂ — ಅನ್ನಲು ಹೋದಳು, ಹ್ಞೂಂ ಬರಲಿಲ್ಲ.

ಕರೀಂ ಎದ್ದುಹೋಗಿ ಗೋಡೆಯ ಕ್ಯಾಲೆಂಡರಿನ ಹಿಂದಿನಿಂದ ಮಗನ ಫೋನು ತೆಗೆದ, ಗಾಜಿನ ಮೂಲೆ ಒಡೆದಿತ್ತು, ಅವನೇನೂ ಹುಡುಕಬೇಕಾಗಲಿಲ್ಲ, ಬೆರಳಿಗೆ ದಾರಿ ಗೊತ್ತಿತ್ತು, ಅವಳು ಅಳಿಸಿದ್ದು ಇಲ್ಲಿ ಅಳಿದಿರಲಿಲ್ಲ, ಉಸ್ತಾದ್ ನಡೆದ, ಬಗ್ಗಿದ, ಗ್ಯಾರೇಜಿನ ತುಂಬ ಅವಳ ದನಿ, ಅಪ್ಪನಿಂದ ಬಂದ ದನಿ, ಕತೆ ಹೇಳುವವರ ನಿಧಾನ, ಬ್ರೇಕ್ ಎಳೆದಾಯಿತು, ಗೇರ್ ಹಾಕಿದ್ದಾಯಿತು, ಇನ್ನು ಕೆಳಗೆ ಹೋಗಬಹುದು, ಕರೀಂ ಅಲ್ಲಿಗೆ ನಿಲ್ಲಿಸಿದ, ಈವಮ್ಮನ್ ದನಿ ದಿನಾ ಕೇಳ್ತೀನಿ ಮೇಡಂ, ಮಗನ್ ದನಿ ಮರ್ತೋದ್ರೂ ಇದು ಮರ್ಯಲ್ಲ, ನೀವು ಕಾರೊಳ್ಗಿಂದ ಕರೀಂ ಅಣ್ಣನವ್ರ ಗ್ಯಾರೇಜಾ ಅಂದ್ರಲ್ಲ, ಆಗ್ಲೇ ಗೊತ್ತಾಯ್ತು — ಗೊತ್ತಾದ ಮೇಲೆ, ಗೊತ್ತಾದ ಮೇಲೆ ಅಲ್ಲವೇ ಅವನು ಕಲ್ಲು ಎತ್ತಿ ತಂದದ್ದು, ಶಮೀಮ್ ಬಾನು ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟಳು, ಕರೀಂ ದನಿ ಏರಿಸಲಿಲ್ಲ, ಒಂದೇ ಒಂದ್ ಏಳ್ಬುಡಿ, ನಾನ್ ಕಲ್ಸಿದ್ ಸರಿನೋ, ನೀವ್ ಕಲ್ಸಿದ್ ಸರಿನೋ, ಅವಳು ಬಾಯಿ ತೆರೆದಳು, ನಮ್ಮಲ್ಲಿ ರಂಜಿತ ಅಂತ ಒಬ್ಬ ಹುಡುಗಿ ಎಂದಳು, ಥೂ, ಅಲ್ಲ, ಆ ಹುಡುಗಿ ಬಾಗಿಲಲ್ಲಿ ನಿಂತು ಬೇಡಿಕೊಂಡಿದ್ದಳು, ನಾಗರತ್ನ ಮತ್ತೆ ಶುರು ಮಾಡಿದಳು, ನೀವು ಕಲಿಸಿದ್ದೇ ಸರಿ ಅಣ್ಣ, ನಿಮ್ಮ ಮಗನ ತಪ್ಪಲ್ಲ, ನಾನು ನೋಡದೇ ಹ್ಞೂಂ ಅಂದೆ, ಆಮೇಲೆ ಅದನ್ನ ಮುಚ್ಚಿದೆ — ಕರೀಂ ಹ್ಞೂಂ ಎನ್ನಲಿಲ್ಲ, ಎನ್ನುತ್ತಾನೆಂದು ಕಾದಳು, ಟೀ ಆರಿತು, ಮುಂದಿನ ಮಾತು ಏರಿನಲ್ಲಿ ಎತ್ತಿನ ಹಾಗೆ ನಿಂತಿದೆ, ಹ್ಞೂಂ ಇಲ್ಲದೆ ಹೇಗೆ ಹೇಳುವುದು ಅಪ್ಪ, ಯಾರೂ ಹ್ಞೂಂ ಎನ್ನುತ್ತಿಲ್ಲ, ಬಾಗಿಲಾಚೆ ಬಿಸಿಲು, ಇಳಿಜಾರು, ಅವಳ ಕಾರು, ಗಾಲಿ, ಗಾಲಿಯ ಹಿಂದೆ ಅವನು ಎರಡೂ ಕೈಯಲ್ಲಿ ತಂದು ಇಟ್ಟ ಕಲ್ಲು, ಎಣ್ಣೆಗಪ್ಪು ಕಲ್ಲು, ಕಲ್ಲು —